ಬಾಲಿಂಜರ್ ಬ್ಯಾಂಡ್ ಸ್ಕ್ರಿಪ್ಟ್: ಸುಳ್ಳು ಸ್ಕ್ವೀಝ್ ತೆಗೆಯುವ ಕೆಲಸ

ಷೇರಿನ ಬೆಲೆ ಎಷ್ಟು ಏರಿಳಿಯುತ್ತಿದೆ ಅಂತ ತೋರಿಸುವ ಗೆರೆಗಳನ್ನು ಚಾರ್ಟ್ ಮೇಲೆ ಎಳೆಯುವ ನನ್ನ ಬ್ಯಾಂಡ್ ಸ್ಕ್ರಿಪ್ಟ್‌ನ ಹೊಸ ಆವೃತ್ತಿ ಈಗ ಓಡುತ್ತಿದೆ. ಈ ಸಲ ಬಣ್ಣ, ಗೆರೆ ಯಾವುದನ್ನೂ ಮುಟ್ಟಿಲ್ಲ. ಬ್ಯಾಂಡ್‌ನ ಅಗಲ ಲೆಕ್ಕ ಹಾಕುವ ಭಾಗವನ್ನೇ ಕಿತ್ತು ಹೊಸದಾಗಿ ಬರೆದೆ.

ಹಳೆಯದರಲ್ಲಿ ಇದ್ದದ್ದು ಮಾಮೂಲಿ ಜೋಡಿ. ಒಂದು, ಜಾನ್ ಬಾಲಿಂಜರ್ 1980ರ ದಶಕದಲ್ಲಿ ರೂಪಿಸಿದ ಬ್ಯಾಂಡ್: ನಡುವೆ 20 ಕ್ಯಾಂಡಲ್‌ಗಳ (ಒಂದೊಂದು ಕ್ಯಾಂಡಲ್ ಅಂದರೆ ಒಂದು ನಿಗದಿತ ಅವಧಿಯ ಬೆಲೆ) ಸರಾಸರಿ, ಮೇಲೆ ಕೆಳಗೆ 2 ಸ್ಟ್ಯಾಂಡರ್ಡ್ ಡೀವಿಯೇಷನ್ (ಬೆಲೆ ಸರಾಸರಿಯಿಂದ ಎಷ್ಟು ಚದುರಿದೆ ಅನ್ನುವ ಅಳತೆ). ಇನ್ನೊಂದು ಕೆಲ್ಟ್‌ನರ್ ಚಾನೆಲ್: 20ರ ಇಎಂಎ (ಹೊಸ ಬೆಲೆಗೆ ಹೆಚ್ಚು ತೂಕ ಕೊಡುವ ಸರಾಸರಿ), ಎರಡೂ ಕಡೆ 1.5 ಎಟಿಆರ್ (ಒಂದು ಕ್ಯಾಂಡಲ್‌ನಲ್ಲಿ ಬೆಲೆ ಸರಾಸರಿ ಎಷ್ಟು ಓಡಾಡುತ್ತದೆ ಅನ್ನುವ ಅಳತೆ). ಬಾಲಿಂಜರ್ ಗೆರೆಗಳೆರಡೂ ಕೆಲ್ಟ್‌ನರ್ ಒಳಗೆ ಸೇರಿಕೊಂಡರೆ ಸ್ಕ್ವೀಝ್, ಕೆಳಗೊಂದು ಚುಕ್ಕಿ. ಮಾರುಕಟ್ಟೆ ತಣ್ಣಗಾಗಿದೆ, ಇನ್ನೇನು ಯಾವುದೋ ಒಂದು ಕಡೆ ಹೊರಡಬಹುದು ಅನ್ನುವ ಸೂಚನೆ ಅದು.

ಆದರೆ ಕೆಲವು ಚುಕ್ಕಿಗಳು ಬರುವ ಜಾಗವೇ ಸರಿ ಕಾಣುತ್ತಿರಲಿಲ್ಲ. ಬೆಲೆ ಮೊದಲಿನ ಹಾಗೇ ಆಡುತ್ತಿದೆ, ಬ್ಯಾಂಡ್ ಮಾತ್ರ ಒಂದೇ ಕ್ಯಾಂಡಲ್‌ನಲ್ಲಿ ಧಡಕ್ಕನೆ ಕಿರಿದಾಗಿದೆ. ಹಿಂದಕ್ಕೆ ಎಣಿಸಿದರೆ ಪ್ರತಿ ಸಲವೂ ಸರಿಯಾಗಿ 20 ಕ್ಯಾಂಡಲ್ ಹಿಂದೆ ಒಂದು ದೊಡ್ಡ ಜಿಗಿತ!

ಇದನ್ನು ಕೈಲೆಕ್ಕದಲ್ಲಿ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಬೆಲೆ 100ರಲ್ಲೇ ನಿಂತಿದೆ ಅಂದುಕೊಳ್ಳಿ. ಒಂದೇ ಒಂದು ಕ್ಲೋಸ್ (ಕ್ಯಾಂಡಲ್ ಮುಗಿದಾಗಿನ ಬೆಲೆ) 110 ಆಗಿ, ಮರುಕ್ಯಾಂಡಲ್‌ನಲ್ಲೇ ಮತ್ತೆ 100. ಆಗ ಸರಾಸರಿ 100.5, ವೇರಿಯನ್ಸ್ (ಸ್ಟ್ಯಾಂಡರ್ಡ್ ಡೀವಿಯೇಷನ್‌ನ ವರ್ಗ) 4.75, ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 2.18. ಅಂದರೆ ಬ್ಯಾಂಡ್ ನಡುಗೆರೆಯಿಂದ ಆಚೀಚೆ 4.36. ಮುಂದಿನ ಕ್ಯಾಂಡಲ್‌ನಲ್ಲೂ 4.36. ಅದರ ಮುಂದೆಯೂ 4.36. ಇಪ್ಪತ್ತು ಕ್ಯಾಂಡಲ್ ಮುಗಿಯುವ ತನಕ ಒಂದು ಕೂದಲೆಳೆಯೂ ಅಲುಗುವುದಿಲ್ಲ. ಇಪ್ಪತ್ತೊಂದನೆಯದರಲ್ಲಿ 110 ಲೆಕ್ಕದಿಂದ ಹೊರಗೆ ಬೀಳುತ್ತದೆ, ಅಗಲ ಸೀದಾ ಸೊನ್ನೆ. ಆ ಕ್ಷಣ ಮಾರುಕಟ್ಟೆಯಲ್ಲಿ ಏನೂ ನಡೆದಿಲ್ಲ, ಅಲ್ವಾ? ಹಳೆಯ ಸಂಗತಿಯೊಂದು 20 ಕ್ಯಾಂಡಲ್‌ಗಳ ಕಿಟಕಿ ದಾಟಿತು, ಅಷ್ಟೇ. (ಸ್ಪ್ರೆಡ್‌ಶೀಟ್‌ನಲ್ಲಿ ತಾಳೆ ನೋಡುವವರಿಗೆ ಒಂದು ಮಾತು: ಇಲ್ಲಿ 20ರಿಂದ ಭಾಗಿಸಬೇಕು. 19ರಿಂದ ಭಾಗಿಸುವ ಫಾರ್ಮುಲಾ ಹಾಕಿದರೆ 2.24 ಬರುತ್ತದೆ.)

ಅದಕ್ಕೇ ಕಿಟಕಿಯನ್ನೇ ತೆಗೆದುಹಾಕಿದೆ. ಈಗ ಇರುವುದು ಇಎಂಎ ಥರದ್ದೇ ವೇರಿಯನ್ಸ್. ಹೊಸ ಬೆಲೆಗೆ ಸಿಗುವ ತೂಕವೇ ಆಲ್ಫಾ, ಅಂದರೆ 2 ಭಾಗಿಸು 21, ಸುಮಾರು 0.095. ಪ್ರತಿ ಕ್ಯಾಂಡಲ್‌ನಲ್ಲಿ ಹೊಸ ಬೆಲೆಯಿಂದ ಹಿಂದಿನ ಸರಾಸರಿ ಕಳೆದು, ವರ್ಗ ಮಾಡಿ, ಆಲ್ಫಾದಿಂದ ಗುಣಿಸಿ, ಹಿಂದಿನ ವೇರಿಯನ್ಸ್‌ಗೆ ಕೂಡಿಸಬೇಕು. ಬಂದದ್ದನ್ನು ಒಂದು ಮೈನಸ್ ಆಲ್ಫಾದಿಂದ ಗುಣಿಸಿದರೆ ಹೊಸ ವೇರಿಯನ್ಸ್ ಸಿದ್ಧ. ಪೈನ್ ಸ್ಕ್ರಿಪ್ಟ್‌ನಲ್ಲಿ (ಟ್ರೇಡಿಂಗ್‌ವ್ಯೂ ಚಾರ್ಟ್‌ಗಳ ಕೋಡ್ ಭಾಷೆ) ಇದು ನಾಲ್ಕೈದು ಸಾಲಿನ ಕೆಲಸ. ಸರಾಸರಿ, ವೇರಿಯನ್ಸ್ ಎರಡನ್ನೂ 'ವಾರ್' (var) ಅಂತ ಘೋಷಿಸಬೇಕು, ಆಗ ಅವುಗಳ ಮೌಲ್ಯ ಕ್ಯಾಂಡಲ್‌ನಿಂದ ಕ್ಯಾಂಡಲ್‌ಗೆ ಉಳಿಯುತ್ತದೆ. ಮೊದಲ ಕ್ಯಾಂಡಲ್‌ಗೆ ಹಿಂದಿನ ಸರಾಸರಿ ಇರುವುದಿಲ್ಲ, ಅಲ್ಲಿ ಆ ಕ್ಲೋಸನ್ನೇ ಸರಾಸರಿಯಾಗಿ, ಸೊನ್ನೆಯನ್ನು ವೇರಿಯನ್ಸ್ ಆಗಿ ಕೊಟ್ಟು ಶುರು ಮಾಡಿದೆ.

ಅದೇ 110ರ ಉದಾಹರಣೆ ಹೊಸ ಲೆಕ್ಕದಲ್ಲಿ ನೋಡಿ. ಜಿಗಿತದ ಕ್ಯಾಂಡಲ್‌ನಲ್ಲಿ ಆಚೀಚೆ 5.87. ಹತ್ತು ಕ್ಯಾಂಡಲ್ ಕಳೆದ ಮೇಲೆ 3.68. ಇಪ್ಪತ್ತು ಕಳೆದ ಮೇಲೆ 2.25. ಬೇಗ ತೆರೆದುಕೊಳ್ಳುತ್ತದೆ, ಮೆಲ್ಲಗೆ ಇಳಿಯುತ್ತದೆ. ಈ ಇಳಿಜಾರು ಮೊದಲ ಸಲ ಚಾರ್ಟ್‌ನಲ್ಲಿ ಕಂಡಾಗ ನನಗೆ ಭಾರಿ ಖುಷಿಯಾಯಿತು.

ಇಷ್ಟಕ್ಕೇ ನಿಲ್ಲಿಸುವ ಹಾಗಿರಲಿಲ್ಲ. ಎಟಿಆರ್ ಇನ್ನೂ ಅದನ್ನು ರೂಪಿಸಿದ ವೆಲ್ಸ್ ವೈಲ್ಡರ್ 1978ರಲ್ಲಿ ಕೊಟ್ಟ ರೀತಿಯಲ್ಲೇ ನಡೆಯುತ್ತಿತ್ತು. ಅದರ ಆಲ್ಫಾ 20ರಲ್ಲಿ ಒಂದು ಭಾಗ. ಹಾಗಾಗಿ ವೈಲ್ಡರ್‌ನ 20 ಅಂದರೆ ಇಎಂಎ ಲೆಕ್ಕದಲ್ಲಿ 39. ದೊಡ್ಡ ಕ್ಯಾಂಡಲ್ ಒಂದು ಬಂದುಹೋದ ಮೇಲೆ ಬಾಲಿಂಜರ್ ಬೇಗ ಇಳಿಯುತ್ತದೆ, ಕೆಲ್ಟ್‌ನರ್ ಇನ್ನೂ ಅಗಲವಾಗಿಯೇ ಕೂತಿರುತ್ತದೆ. ಹೀಗೆ ಒಂದು ಇನ್ನೊಂದರ ಒಳಗೆ ಬಿದ್ದರೆ ಆ ಚುಕ್ಕಿಗೆ ಅರ್ಧ ಕಾರಣ ಎರಡರ ನೆನಪಿನ ವ್ಯತ್ಯಾಸ. ಎರಡನ್ನು ಹೋಲಿಸುವಾಗ ನೆನಪು ಎರಡಕ್ಕೂ ಒಂದೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಟ್ರೂ ರೇಂಜ್‌ಗೆ (ಎಟಿಆರ್ ಸರಾಸರಿ ಮಾಡುವ, ಒಂದೊಂದು ಕ್ಯಾಂಡಲ್‌ನ ಓಡಾಟ) ನೇರವಾಗಿ 20ರ ಇಎಂಎ ಹಾಕಿದೆ, ನೀಟಾಗಿ ಕೂತಿತು. ಉದ್ದದ ಇನ್‌ಪುಟ್ ಈಗ ಎರಡಕ್ಕೂ ಒಂದೇ. ಬೇರೆ ಬೇರೆ ಇಡುವ ಆಯ್ಕೆಯನ್ನು ಬೇಕಂತಲೇ ತೆಗೆದಿದ್ದೇನೆ.

ಚಿಕ್ಕ ಬದಲಾವಣೆ ಇನ್ನೊಂದಿದೆ. ಓಡುತ್ತಿರುವ ಕ್ಯಾಂಡಲ್‌ನಲ್ಲಿ ಪ್ರತಿ ಟಿಕ್‌ಗೂ (ಬೆಲೆಯ ಪ್ರತಿ ಚಿಕ್ಕ ಬದಲಾವಣೆಗೂ) ಲೆಕ್ಕ ಬದಲಾಗಿ ಚುಕ್ಕಿ ಬಂದು ಹೋಗಿ ಮಾಡುತ್ತದೆ. ಕ್ಯಾಂಡಲ್ ಮುಗಿದ ಮೇಲೆ ಮಾತ್ರ ಚುಕ್ಕಿ, ಆಗ ಮಾತ್ರ ಅಲರ್ಟ್ ಅಂತ ಷರತ್ತು ಸೇರಿಸಿದೆ. ಸ್ವಲ್ಪ ತಡವಾಗಿ ಗೊತ್ತಾಗುತ್ತದೆ, ಆದರೆ ಬಂದದ್ದು ಅಳಿಸಿಹೋಗುವುದಿಲ್ಲ.

ಒಟ್ಟು ಚುಕ್ಕಿಗಳ ಜಾಗ ಈಗ ಬದಲಾಗಿದೆ, ಹಾಗಾಗಿ 1.5 ಅನ್ನುವ ಗುಣಕವನ್ನು ಮತ್ತೆ ಪರೀಕ್ಷಿಸಬೇಕು. ಹಳೆಯ ಲೆಕ್ಕಕ್ಕೆ ಹೊಂದಿದ್ದ ಅಂಕಿ ಹೊಸದಕ್ಕೂ ಹೊಂದಬೇಕು ಅಂತೇನಿಲ್ಲ. ಆಮೇಲೆ ಬೆಲೆಯ ಬದಲು ಬೆಲೆಯ ಲಾಗರಿದಮ್ ಮೇಲೆ ಬ್ಯಾಂಡ್ ಕಟ್ಟಿ ನೋಡುವ ಯೋಚನೆ ಇದೆ. ವರ್ಷಗಟ್ಟಲೆ ಏರಿರುವ ಷೇರಿನ ಚಾರ್ಟ್‌ನಲ್ಲಿ 10ರ ಏರಿಳಿತ 100ರಲ್ಲಿ ಒಂದು ಥರ, 1000ದಲ್ಲಿ ಇನ್ನೊಂದು ಥರ. ಕೆಳಗಿನ ಗೆರೆ ಸೊನ್ನೆಗಿಂತ ಕೆಳಗೆ ಹೋಗುವ ಪ್ರಶ್ನೆಯೂ ಅಲ್ಲಿ ಏಳುವುದಿಲ್ಲ. ವೇರಿಯನ್ಸ್ ಭಾಗ ಹಾಗೇ ಇರುತ್ತದೆ. ಒಳಗೆ ಹೋಗುವಾಗ ಲಾಗ್, ಗೆರೆ ಎಳೆಯುವಾಗ ಎಕ್ಸ್‌ಪೊನೆನ್ಷಿಯಲ್, ಇವೆರಡೇ ಸೇರಬೇಕಾದದ್ದು.