ಅಮ್ಮನ ಸೂಟ್‌ಕೇಸ್

ಇನ್ನು ಹನ್ನೆರಡೇ ದಿನ. ಬೇಸಿಗೆ ರಜೆಯಲ್ಲಿ ನಾನು, ಅಮ್ಮ ಕೀನ್ಯಾಕ್ಕೆ ಹೊರಟಿದ್ದೇವೆ. ವಿಕ್ಟೋರಿಯಾ ಸರೋವರದ ದಡದ ಊರು ಕಿಸುಮು ಹತ್ತಿರದ ಒಂದು ಶಾಲೆಯಲ್ಲಿ ಮೂರು ವಾರ ಸ್ವಯಂಸೇವೆ. ಕೋಲಾರದಿಂದ ತಿರುಪತಿ ದಾಟಿ ಹೋಗದ ನಮ್ಮಮ್ಮ!

ಮೊನ್ನೆ ಬೆಂಗಳೂರಲ್ಲಿ ಹಳದಿ ಜ್ವರದ ಲಸಿಕೆ ಆಯಿತು. ಹೋಗುವ 10 ದಿನ ಮೊದಲಾದರೂ ಹಾಕಿಸಬೇಕು. "ಮೊಟ್ಟೆ ಅಲರ್ಜಿ ಇದೆಯಾ?" ಅಂತ ಡಾಕ್ಟರ್ ಕೇಳಿದರು. "ನಾವು ಮನೆಗೇ ತರಲ್ಲ ಸಾರ್" ಅಂದಳು ಅಮ್ಮ. ಆ ಲಸಿಕೆಯನ್ನು ಮೊಟ್ಟೆಯಲ್ಲೇ ಬೆಳೆಸುತ್ತಾರೆ ಅಂತ ನಾನಿನ್ನೂ ಬಾಯಿ ಬಿಟ್ಟಿಲ್ಲ.

ಕೋಲಾರಮ್ಮನ ಗುಡಿಗೂ ಹೋಗಿ ಬಂದೆವು. ಚೇಳಮ್ಮನ ಹುಂಡಿಗೆ ಕಾಣಿಕೆ ಹಾಕಿದರೆ ಚೇಳು ಕಡಿಯಲ್ಲ ಅಂತ ನಂಬಿಕೆ. ಕೀನ್ಯಾದ ಚೇಳಿಗೂ ಅದು ನಡೆಯುತ್ತಾ? ಕೇಳಿದರೆ ಬೈಗುಳ.

ಪ್ಯಾಕಿಂಗ್ ಕಥೆ ಬೇರೆ. ಚಟ್ನಿಪುಡಿ, ಹುರಿಗಡಲೆ, ರಾಗಿಹಿಟ್ಟು ಎಲ್ಲಾ ಪ್ಲಾಸ್ಟಿಕ್ ಕವರ್‌ಗಳಲ್ಲಿ ಕಟ್ಟಿಟ್ಟಿದ್ದಳು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕವರ್ ನಿಷೇಧ. ಹೇಳಿದ್ದೇ ತಡ, ಹಳೆ ಲಂಗದ ಬಟ್ಟೆ ಕತ್ತರಿಸಿ ರಾತ್ರಿ ಹನ್ನೊಂದರ ತನಕ ಚೀಲ ಹೊಲಿದಳು. ರಾಗಿ ಮೂಲತಃ ಪೂರ್ವ ಆಫ್ರಿಕಾದ್ದೇ, ಅಲ್ಲಿ ಅದಕ್ಕೆ ವಿಂಬಿ ಅಂತಾರೆ ಅಂದೆ. ಮಿಷನ್ ನಿಲ್ಲಿಸಿ ನನ್ನ ಮುಖ ನೋಡಿದಳು. "ಹಂಗಾದ್ರೆ ಹಿಟ್ಟು ಬ್ಯಾಡ ಬಿಡು, ಕೋಲು ಸಾಕು."

ಇಷ್ಟು ವರ್ಷ ಕ್ಲಾಸಲ್ಲಿ ನಕ್ಷೆ ಮೇಲೆ ವಿಕ್ಟೋರಿಯಾ ಸರೋವರ ತೋರಿಸಿದವಳು ಅವಳು. ನಾನು ಅವಳನ್ನು ಕರೆದುಕೊಂಡು ಹೋಗ್ತಿದ್ದೀನಿ ಅಂದುಕೊಂಡಿದ್ದೆ. ಈಗ ಡೌಟು.

ಮುದ್ದೆ ಕೋಲು ಸೂಟ್‌ಕೇಸಿಗೆ ಹಿಡಿಯುತ್ತಿಲ್ಲ. ಮೂಲೆಯಿಂದ ಮೂಲೆಗೆ ಇಟ್ಟು ನೋಡುತ್ತಿದ್ದಾಳೆ.