ಫ್ಲ್ಯಾಪ್ ಆಪರೇಷನ್ ಮುಗಿದ ಮೇಲಿನ ಕೆಲಸ

ಅಣ್ಣನ ಪೃಷ್ಠದ ಗಾಯದ ಬಾಯಿ ಒಂದು ರೂಪಾಯಿ ನಾಣ್ಯದಷ್ಟಿತ್ತು. ಪ್ಲಾಸ್ಟಿಕ್ ಸರ್ಜನ್ ಅದರೊಳಗೆ ಸಣ್ಣ ಲೋಹದ ಕಡ್ಡಿ ಇಳಿಸಿದರು. ಅದು ಒಳಗೊಳಗೇ ಸಾಗಿ ಗಟ್ಟಿಯಾದ ಏನಕ್ಕೋ ತಾಗಿ ನಿಂತಿತು. “ಮೂಳೆ” ಎಂದರು. ಒಂದೇ ಕಡೆ ಬಹಳ ಹೊತ್ತು ಒತ್ತಡ ಬಿದ್ದು ಆಗುವ ಒತ್ತುಹುಣ್ಣು, ಅದೂ ಮೂಳೆಯವರೆಗೆ ಇಳಿದ ನಾಲ್ಕನೇ ಹಂತದ್ದು. ಕದಲದೆ ಕುಳಿತೇ ಇದ್ದಾಗ ಮೂಳೆಗೆ ಅಂಟಿದ ಸ್ನಾಯು ಚರ್ಮಕ್ಕಿಂತ ಮೊದಲೇ ಸಾಯುತ್ತದೆ. ಹೊರಗೆ ತೂತು ಕಾಣಿಸುವ ಹೊತ್ತಿಗೆ ಒಳಗೆ ದೊಡ್ಡ ಪೊಳ್ಳು. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಅವನಿಗೆ ಸೊಂಟದ ಕೆಳಗೆ ನೋವೇ ತಿಳಿಯುವುದಿಲ್ಲ.

ಬೇಗ ಹೊಲಿದುಬಿಡಿ ಎಂದು ಅತ್ತಿಗೆ ಅಂಗಲಾಚಿದರು. ಡಾಕ್ಟರ್ ಒಪ್ಪಲಿಲ್ಲ. ಒಪ್ಪದೇ ಇದ್ದದ್ದೇ ನಮ್ಮ ಪುಣ್ಯ. ಕೊಳೆತ ಮಾಂಸ ಕೆರೆದು ತೆಗೆದರು, ಮೂಳೆಯ ಚೂರನ್ನು ಸೋಂಕಿನ ಪರೀಕ್ಷೆಗೆ ಕಳುಹಿಸಿದರು, ಕಾಲಿನ ಸೆಳೆತಕ್ಕೆ ಮಾತ್ರೆ ಕೊಟ್ಟರು, ಬೀಡಿ ಬಿಡಿಸಿದರು. ರಕ್ತದಲ್ಲಿ ಪ್ರೋಟೀನ್ ಕಡಿಮೆಯಿದ್ದರೆ ಹೊಲಿಗೆ ಕೂಡುವುದಿಲ್ಲವೆಂದು ಮೊಟ್ಟೆ, ಬೇಳೆ, ಹಾಲು ಹೆಚ್ಚಿಸಿದರು. ಆಮೇಲೆಯೇ ಫ್ಲ್ಯಾಪ್: ತೊಡೆಯ ಹಿಂಭಾಗದ ಚರ್ಮ, ಕೊಬ್ಬು, ಸ್ನಾಯುವನ್ನು ರಕ್ತನಾಳ ಕಡಿಯದಂತೆ ಮೇಲಕ್ಕೆ ಸರಿಸಿ ಪೊಳ್ಳು ತುಂಬಿದರು. ಬರೀ ಚರ್ಮದ ಕಸಿ ಅಲ್ಲಿ ಮೈಭಾರ ತಡೆಯುವುದಿಲ್ಲ.

ಮುಂದಿನದನ್ನು ನಮಗೆ ಯಾರೂ ಮೊದಲೇ ಬಿಡಿಸಿ ಹೇಳಿರಲಿಲ್ಲ. ವಾರಗಟ್ಟಲೆ ಕುಳಿತುಕೊಳ್ಳುವಂತಿಲ್ಲ. ಬೋರಲು, ಇಲ್ಲವೇ ಮಗ್ಗುಲು. ರಾತ್ರಿಯೂ ಎರಡು ಗಂಟೆಗೊಮ್ಮೆ ಹೊರಳಿಸಬೇಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಬೆನ್ನುಹುರಿ ವಿಭಾಗ ತೆರೆದ ಲುಡ್ವಿಗ್ ಗುಟ್‌ಮನ್ ಗಾಯಾಳು ಸೈನಿಕರನ್ನು ಉಳಿಸಿದ್ದೂ ಹೀಗೆ ಹೊರಳಿಸಿಯೇ. ಕೊನೆಗೊಂದು ದಿನ ಹದಿನೈದು ನಿಮಿಷ ಕೂರಿಸಲು ಅನುಮತಿ ಸಿಕ್ಕಿತು. ತಕ್ಷಣ ಮಲಗಿಸಿ ಟಾರ್ಚ್ ಹಿಡಿದು ನೋಡಿದೆವು. ಹೊಲಿಗೆಯ ಪಕ್ಕ ಕೆಂಪಾಗಿತ್ತು. ಅತ್ತಿಗೆ ಉಸಿರು ಬಿಗಿಹಿಡಿದು ಗಡಿಯಾರ ನೋಡುತ್ತಾ ನಿಂತರು. ಅರ್ಧ ಗಂಟೆಯೊಳಗೆ ಆ ಕೆಂಪು ಇಳಿಯಿತು. ಇಳಿದರೆ ಮಾತ್ರ ಅವಧಿ ಹೆಚ್ಚಿಸಬೇಕು, ಇಳಿಯದಿದ್ದರೆ ಮತ್ತೆ ಮಲಗಿಸಬೇಕು.

ಹುಣ್ಣು ಮರುಕಳಿಸುವುದು ಅಪರೂಪವಲ್ಲ, ಸರಿಸಲು ಮೈಯಲ್ಲಿರುವ ಮಾಂಸವೂ ಲೆಕ್ಕದ್ದೇ. ಹಾಗಾಗಿ ಆಪರೇಷನ್ನಿಗೆ ದಿನ ಗೊತ್ತು ಮಾಡುವ ಮೊದಲೇ ಗಾಳಿ ಹಾಸಿಗೆ, ವೀಲ್‌ಚೇರಿನ ಕುಶನ್, ರಾತ್ರಿ ಹೊರಳಿಸುವವರು ಯಾರು ಎಂಬುದನ್ನು ತೀರ್ಮಾನಿಸಿಕೊಳ್ಳಿ. ನಡುವೆ ತೂತಿರುವ ರಬ್ಬರ್ ರಿಂಗನ್ನು ಯಾರಾದರೂ ಅಕ್ಕರೆಯಿಂದ ತಂದುಕೊಟ್ಟರೆ ಬಳಸಬೇಡಿ. ಅದರ ಅಂಚು ಸುತ್ತಲಿನ ರಕ್ತಸಂಚಾರವನ್ನೇ ಒತ್ತಿಹಿಡಿಯುತ್ತದೆ.