ಹಾಕಿ ಕೈಗೆ ಗಾಲ್ಫ್ ಕೋಲು

ಗಾಲ್ಫ್ ಚೆಂಡು ಓಡುವುದಿಲ್ಲ. ಹಾಕಿ ಆಡಿ ಬೆಳೆದವರಿಗೆ ಇದಕ್ಕಿಂತ ದೊಡ್ಡ ತೊಡಕು ಬೇರೆ ಇಲ್ಲ. ನುಗ್ಗಿ ಬರುವ ಚೆಂಡಿನ ಮುಂದೆ ಯೋಚಿಸಲು ಪುರುಸೊತ್ತಿರುವುದಿಲ್ಲ. ಕೈಗೆ ಗೊತ್ತಿರುವುದನ್ನು ಕೈಯೇ ಮಾಡಿ ಮುಗಿಸುತ್ತದೆ. ಗಾಲ್ಫ್ ಚೆಂಡು ಮಾತ್ರ ಹುಲ್ಲಿನ ಮೇಲೆ ಕುಳಿತು, ನಾವು ಸಿದ್ಧವಾಗುವವರೆಗೂ ಕಾಯುತ್ತದೆ. ಅಷ್ಟರಲ್ಲಿ ತಲೆಯೊಳಗೆ ಬರಬಾರದ್ದೆಲ್ಲ ಬರುತ್ತದೆ. ಮೊಣಕಾಲು ಬಾಗಿದೆಯೇ, ಹಿಂದೆ ನಿಂತವರು ನಗುತ್ತಿದ್ದಾರೆಯೇ, ಪಂಪಿನ ಸ್ಟಾರ್ಟರ್ ಸರಿಮಾಡಲು ಬರುತ್ತೇನೆಂದವನು ಬಂದನೇ ಇಲ್ಲವೇ.

ಕೊಡಗಿನಲ್ಲಿ ಹಾಕಿ ಸ್ಟಿಕ್ ಇಲ್ಲದ ಮನೆಯನ್ನು ಹುಡುಕಬೇಕು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬ ಆರಂಭಿಸಿದ ಮೇಲಂತೂ ಅತ್ತೆ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವುದು ಯಾರಿಗೂ ಸೋಜಿಗವಲ್ಲ. ನಾನೂ ಮನೆತನದ ತಂಡದಲ್ಲಿ ಹಾಫ್ ಬ್ಯಾಕ್ ಆಗಿ ಆಡಿದ್ದೇನೆ. ಗಾಲ್ಫ್ ಕೂಡ ನಮ್ಮ ಜಿಲ್ಲೆಗೆ ಹೊಸದಲ್ಲ. ಮಡಿಕೇರಿಯಲ್ಲಿದೆ, ಪೊಲಿಬೆಟ್ಟದಲ್ಲಿದೆ, ಬಿಟ್ಟಂಗಾಲದಲ್ಲಿದೆ. ಆದರೆ ಅದು ದೊಡ್ಡ ಎಸ್ಟೇಟಿನವರ ಮತ್ತು ನಿವೃತ್ತ ಸೇನಾಧಿಕಾರಿಗಳ ಆಟವೆಂದು ನಾವು ಬೇಲಿಯಾಚೆಯಿಂದ ನೋಡಿ ಮುಂದೆ ಹೋಗುತ್ತಿದ್ದೆವು.

ನನ್ನ ಕುತೂಹಲ ಕೆರಳಿದ್ದು 2021ರ ಆಗಸ್ಟ್‌ನಲ್ಲಿ. ಟೋಕಿಯೊ ಒಲಿಂಪಿಕ್ಸ್‌ನ ಕಂಚಿನ ಪದಕದ ಪಂದ್ಯದಲ್ಲಿ ನಮ್ಮ ಮಹಿಳಾ ಹಾಕಿ ತಂಡ ಬ್ರಿಟನ್ ಎದುರು 3-4ರಿಂದ ಸೋತಿತು. ಮರುದಿನವೇ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಿಂದ ಕಂಚು ತಪ್ಪಿಸಿಕೊಂಡು ಗಾಲ್ಫ್‌ನಲ್ಲಿ ನಾಲ್ಕನೆಯವರಾದರು. ಹಾಕಿಯ ಸೋಲಿಗೆ ಅತ್ತಿದ್ದೆ. ಗಾಲ್ಫ್‌ನ ಸೋಲು ಅರ್ಥವೇ ಆಗದೆ ಸುಮ್ಮನೆ ಕುಳಿತಿದ್ದೆ. ಅರ್ಥವಾಗದ ಆಟಕ್ಕೆ ಬೆಳಗಿನಿಂದ ಟಿವಿ ಮುಂದೆ ಏಕೆ ಕುಳಿತಿದ್ದೆನೋ ಅದೂ ತಿಳಿಯದು.

ನನ್ನ ಮಾವ ಸೇನೆಯಲ್ಲಿ ಕರ್ನಲ್ ಆಗಿದ್ದವರು, ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದ್ದಾಗ ಗಾಲ್ಫ್ ಕಲಿತವರು. ಕಳೆದ ಮಾರ್ಚ್‌ನಲ್ಲಿ ಅವರು, ‘ನಾಳೆ ನಿನಗೆ ಹೇಗೂ ಕೆಲಸವಿಲ್ಲ, ಬಾ’ ಎಂದು ಫೋನ್ ಮಾಡಿದರು. ಮಾತು ನಿಜ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ರೊಬಸ್ಟಾ ಕಾಫಿ ಅರಳುತ್ತದೆ. ಅದರ ಹೂವಿಗೆ ಬೇರೆ ಗಿಡದ ಪರಾಗವೇ ಬೇಕು. ಅದನ್ನು ಗಾಳಿ, ಜೇನ್ನೊಣಗಳು ಮುಟ್ಟಿಸಬೇಕು. ಹಾಗಾಗಿ ಹೂವಿರುವ ಎರಡು ಮೂರು ದಿನ ನಾವು ತೋಟದೊಳಗೆ ಆಳುಗಳನ್ನು ಬಿಡುವುದಿಲ್ಲ, ನಾವೂ ಹೋಗುವುದಿಲ್ಲ. ಬೆಳೆಗಾರರಿಗೆ ವರ್ಷದಲ್ಲಿ ಸಿಗುವ ನಿಜವಾದ ರಜೆ ಅದೊಂದೇ.

ದಕ್ಷಿಣ ಕೊಡಗಿನ ಒಂಬತ್ತು ಹೋಲ್‌ಗಳ ಆ ಚಿಕ್ಕ ಮೈದಾನದ ಹೆಸರು ಬೇಡ. ನನ್ನ ಆಟದ ಕೀರ್ತಿ ಅದಕ್ಕೆ ಅಂಟುವುದು ನ್ಯಾಯವಲ್ಲ. ನಾವು ಮೂವರಿದ್ದೆವು: ಮಾವ, ಬೆಂಗಳೂರಿನಿಂದ ರಜೆಗೆ ಬಂದಿದ್ದ ಅವರ ಗೆಳೆಯರ ಮಗ, ನಾನು. ಜೊತೆಗೆ ಒಬ್ಬ ಕ್ಯಾಡಿ. ಕೊಯ್ಲಿನ ಕಾಲದಲ್ಲಿ ಪಕ್ಕದ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವ, ಉಳಿದ ತಿಂಗಳು ಇಲ್ಲಿ ಚೀಲ ಹೊರುವ ನಡುವಯಸ್ಸಿನ ಮನುಷ್ಯ. ಚೆಂಡು ಎಲ್ಲಿ ಬೀಳುತ್ತದೆಂದು ಅದು ಏಳುವ ಮೊದಲೇ ಅವನಿಗೆ ಗೊತ್ತಿರುತ್ತಿತ್ತು.

ಮೊದಲ ಹೋಲ್ ಗುಡ್ಡದ ನೆತ್ತಿಯಿಂದ ಕೆಳಕ್ಕೆ, ಪಾರ್ ನಾಲ್ಕು, ಅಂದರೆ ಪಳಗಿದವರು ನಾಲ್ಕು ಹೊಡೆತದಲ್ಲಿ ಚೆಂಡನ್ನು ಕುಳಿಗೆ ಸೇರಿಸಬೇಕು. ಮಾವ ನನ್ನ ಕೈಗೆ ದೂರ ಹೊಡೆಯುವ ಉದ್ದ ಕೋಲಾದ ಡ್ರೈವರ್ ಕೊಡದೆ ಏಳನೆಯ ನಂಬರಿನ ಐರನ್ ಎಂಬ ಕೋಲು ಕೊಟ್ಟರು. ಎಡಗೈ ಮೇಲೆ, ಬಲಗೈ ಕೆಳಗೆ, ಹಿಡಿತ ಹಾಕಿಯದೇ. ಹಾಗಾಗಿ ಅರ್ಧ ಗೆದ್ದೆನೆಂದುಕೊಂಡೆ. ಆದರೆ ಸ್ಟಿಕ್ ಭುಜದಿಂದ ಮೇಲೆ ಏಳಬಾರದೆಂದು ಗದರಿ ಗದರಿ ಕಲಿಸಿದ ತರಬೇತುದಾರರ ದನಿ ತೋಳಿನೊಳಗೆ ಇನ್ನೂ ಕುಳಿತಿದೆ. ಕೋಲು ಭುಜದ ಮಟ್ಟಕ್ಕೆ ಬಂದೊಡನೆ ಯಾರೋ ಹಿಡಿದು ನಿಲ್ಲಿಸಿದಂತೆ ನಿಂತಿತು. ಮೇಲಾಗಿ, ಚೆಂಡನ್ನು ಎತ್ತಬೇಕೆಂದರೆ ಹಾಕಿಯಲ್ಲಿ ಸ್ಟಿಕ್ಕನ್ನು ಅದರ ಅಡಿಗೆ ತೂರಿಸಿ ಸ್ಕೂಪ್ ಮಾಡುತ್ತೇವೆ. ನಾನು ಅದನ್ನೇ ಮಾಡಿದೆ. ಕೋಲಿನ ಅಂಚು ಚೆಂಡಿನ ನೆತ್ತಿ ಸವರಿತು. ಚೆಂಡು ಹುಲ್ಲಿನಲ್ಲಿ ಹತ್ತು ಹೆಜ್ಜೆ ಉರುಳಿ ನಿಂತಿತು.

‘ನೀನು ಎತ್ತಬೇಡ. ಎತ್ತುವ ಕೆಲಸ ಕಬ್ಬಿಣದ್ದು. ನೀನು ಕೆಳಕ್ಕೆ ಹೊಡೆ’ ಎಂದರು ಮಾವ.

ಗಾಲ್ಫ್‌ನ ಅರ್ಧ ವಿದ್ಯೆ ಈ ಒಂದು ಮಾತಿನಲ್ಲಿದೆ. ಐರನ್‌ನ ಮುಖ ಹಿಂದಕ್ಕೆ ವಾಲಿರುತ್ತದೆ. ಕೋಲು ಇಳಿಯುತ್ತಿರುವಾಗಲೇ ಚೆಂಡಿಗೆ ತಾಗಿದರೆ, ಆ ಓರೆಯೇ ಚೆಂಡನ್ನು ಮೇಲಕ್ಕೆ ಹಾರಿಸಿ ಹಿಮ್ಮುಖವಾಗಿ ತಿರುಗಿಸುತ್ತದೆ. ಆ ತಿರುಗುವಿಕೆ ಮತ್ತು ಮೈಮೇಲಿನ ಕುಳಿಗಳು ಅದನ್ನು ಗಾಳಿಯಲ್ಲಿ ಹಿಡಿದಿಡುತ್ತವೆ. ಮೇಲೆ ಕಳಿಸಲು ಕೆಳಕ್ಕೆ ಹೊಡೆಯಬೇಕೆಂಬುದನ್ನು ಬುದ್ಧಿ ಒಪ್ಪಿದರೂ ಮಣಿಕಟ್ಟು ಒಪ್ಪುವುದಿಲ್ಲ. ಆದರೂ ಮೂರನೆಯ ಹೊಡೆತದಲ್ಲಿ ಏನೋ ಕೂಡಿಬಂತು. ಚೆಂಡು ಎದ್ದಿತು. ತೂಕವೇ ಇಲ್ಲದ್ದನ್ನು ಹೊಡೆದಂತಾಗಿ ನಾನು ಕೋಲಿನ ತುದಿ ನೋಡಿಕೊಂಡೆ. ಹಾಕಿ ಚೆಂಡು ಕಡಿಮೆಯೆಂದರೆ 156 ಗ್ರಾಂ. ಗಾಲ್ಫ್ ಚೆಂಡು 45.93 ಗ್ರಾಂ ಮೀರುವಂತಿಲ್ಲ. ಸರಿಯಾಗಿ ತಾಗಿದ ಹೊಡೆತ ಕೈಗೆ ತಿಳಿಯುವುದೇ ಇಲ್ಲ.

ಎರಡನೆಯದು ಪಾರ್ ಮೂರು. ಹೇಗೋ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಗ್ರೀನ್ ತಲುಪಿದೆ. ಕುಳಿಗೆ ಒಂದು ಗೇಣು ಉಳಿದಿತ್ತು. ಅಲ್ಲಿ ಬಳಸುವ ಪಟರ್ ಎಂಬ ಕೋಲಿನ ಮುಖವನ್ನು ಚೆಂಡಿಗೆ ಆನಿಸಿ, ಹಾಕಿಯ ಪುಶ್ ಮಾಡುವಂತೆ ಮೆಲ್ಲಗೆ ತಳ್ಳಿ ಒಳಗೆ ಬೀಳಿಸಿದೆ. ನನ್ನ ಕೈಯ ಅತ್ಯಂತ ನಂಬಿಕಸ್ಥ ಹೊಡೆತ ಅದು. ಮಾವ ಜೇಬಿನಿಂದ ಪುಟ್ಟ ನಿಯಮಪುಸ್ತಕ ತೆಗೆದರು. ಚೆಂಡಿಗೆ ಹೊಡೆಯಬೇಕು, ತಳ್ಳುವುದು, ಎಳೆಯುವುದು, ಮೊಗೆಯುವುದು ನಿಷಿದ್ಧ. ಎರಡು ಹೊಡೆತ ದಂಡ. ಅಂದರೆ ನನಗೆ ಬರುವ ಪುಶ್ ಮತ್ತು ಸ್ಕೂಪ್ ಎರಡನ್ನೂ ಒಂದೇ ವಾಕ್ಯದಲ್ಲಿ ಕಿತ್ತುಕೊಂಡಿದ್ದಾರೆ. ಈ ನಿಯಮ ಬರೆದವರಿಗೆ ಹಾಕಿಯವರ ಮೇಲೆ ಏನೋ ಹಳೆಯ ಸಿಟ್ಟಿದ್ದಿರಬೇಕು.

ಮೂರನೆಯದು ಬರೀ ಏರು. ಹತ್ತಿದೆವು.

ನಾಲ್ಕನೆಯದರ ಬಲಗಡೆ ಉದ್ದಕ್ಕೂ ಬೇರೆಯವರ ರೊಬಸ್ಟಾ ತೋಟ. ನಡುವೆ ಬಿಳಿ ಗೂಟಗಳು. ಆಚೆ ಹೋದರೆ ಚೆಂಡು ಆಟದಿಂದ ಹೊರಗೆ. ಗಿಡಗಳ ಕೊಂಬೆ ಕಾಣದಷ್ಟು ಹೂ ಕವಿದಿತ್ತು. ಅಂಥ ಪರಿಮಳದಲ್ಲಿ ತಲೆ ತಗ್ಗಿಸಿ ಚೆಂಡನ್ನೇ ನೋಡುತ್ತ ನಿಲ್ಲಬೇಕೆನ್ನುವುದು ಒಂದು ಶಿಕ್ಷೆ. ನಾನು ನೋಡಿದ್ದು ಹೂವನ್ನು. ಚೆಂಡೂ ಬಲಕ್ಕೆ ಬಾಗಿ ಅದೇ ಹೂವಿನೊಳಗೆ ಹೋಯಿತು. ಬೆಂಗಳೂರಿನ ಹುಡುಗ ಬೇಲಿಗೆ ಕಾಲು ಹಾಕಿದ. ಬಿಳಿ ಹೂವಿನ ರಾಶಿಯಲ್ಲಿ ಬಿಳಿ ಚೆಂಡನ್ನು ಮೂರು ನಿಮಿಷದಲ್ಲಿ ಹುಡುಕುತ್ತಾನಂತೆ. 2019ಕ್ಕೆ ಮೊದಲು ಐದು ನಿಮಿಷ ಸಿಗುತ್ತಿತ್ತು, ಈಗ ಮೂರೇ. ನಾನು ಅವನ ಅಂಗಿ ಹಿಡಿದು ಎಳೆದೆ. ಸಿಕ್ಕರೂ ಆ ಚೆಂಡನ್ನು ಆಡುವಂತಿಲ್ಲ ಎಂಬುದು ಹಾಗಿರಲಿ, ಹೂವಿನ ದಿನ ಬೇರೆಯವರ ತೋಟಕ್ಕೆ ಕಾಲಿಡುವುದೆಂದರೆ ಅವರ ಮುಂದಿನ ವರ್ಷದ ಫಸಲಿನ ಮೇಲೆ ನಡೆದಂತೆ.

ಒಂದು ದಂಡ ಸೇರಿಸಿಕೊಂಡು ಅದೇ ಜಾಗದಿಂದ ಮತ್ತೆ ಹೊಡೆದೆ. ಈ ಸಲ ಚೆಂಡು ಗೂಟದ ಈಚೆಯೇ ಉಳಿಯಿತು. ಆದರೆ ಮೈದಾನದ ಕಡೆಗಿದ್ದ ಒಂದು ಒಂಟಿ ಕಾಫಿ ಗಿಡದ ಬುಡದಲ್ಲಿ. ಗಿಡದ ತುಂಬ ಹೂ, ಹೂವಿನ ತುಂಬ ಜೇನು. ಮಾವನಿಗೆ ಉತ್ಸಾಹ ಬಂತು. ಪುಸ್ತಕ ಮತ್ತೆ ಹೊರಬಂತು. ಅಪಾಯಕಾರಿ ಪ್ರಾಣಿಗಳ ಬಳಿ ಚೆಂಡು ಬಿದ್ದರೆ ದಂಡವಿಲ್ಲದೆ ಬೇರೆಡೆ ಹಾಕಿಕೊಳ್ಳಬಹುದು. ವಿಷದ ಹಾವು, ಮೊಸಳೆ, ಕರಡಿಗಳ ಜೊತೆಗೆ ಕುಟುಕುವ ಜೇನ್ನೊಣದ ಹೆಸರನ್ನೂ ಅಲ್ಲಿ ಬರೆದಿದ್ದಾರೆ. ‘ತೆಗೆದುಕೋ, ಪುಕ್ಕಟೆ’ ಎಂದರು.

‘ಇವು ತುಡುವೆ ಜೇನು, ಮಾವ. ಹೂವಿನ ಮೇಲಿರುವಾಗ ಯಾರ ಗೊಡವೆಗೂ ಬರುವುದಿಲ್ಲ. ಹೆಜ್ಜೇನಿನ ಗೂಡಾಗಿದ್ದರೆ ನಾನೇ ಮೊದಲು ಓಡುತ್ತಿದ್ದೆ.’

ಕ್ಯಾಡಿ ಹೌದೆಂದು ತಲೆಯಾಡಿಸಿದ. ಹಾಕಿಯಾಗಿದ್ದರೆ ಅಂಪೈರ್ ಸೀಟಿ ಊದಿ ಹೇಳುತ್ತಿದ್ದ, ನಾವು ಅವನ ಮೇಲೆ ರೇಗಿ ಆಟ ಮುಂದುವರಿಸುತ್ತಿದ್ದೆವು. ಇಲ್ಲಿ ಅಂಪೈರ್ ಇಲ್ಲ. ಅಪಾಯವಿದೆಯೇ ಇಲ್ಲವೇ ಎಂದು ನಾನೇ ಹೇಳಬೇಕು, ನಾನು ಇಲ್ಲವೆಂದಾಗಿತ್ತು. ಹಾಗೆಂದು ಚೆಂಡನ್ನು ಇದ್ದಲ್ಲಿಂದಲೇ ಹೊಡೆದರೆ ಕೋಲು ಎರಡು ಕೊಂಬೆಯ ಹೂವನ್ನಾದರೂ ಉದುರಿಸುತ್ತಿತ್ತು. ಕೊನೆಗೆ, ಆಡಲಾಗದ ಚೆಂಡು ಎಂದು ಸಾರಿ ಒಂದು ದಂಡ ಹಾಕಿಸಿಕೊಂಡು, ಎರಡು ಕೋಲಿನಳತೆ ದೂರದಲ್ಲಿ ಚೆಂಡು ಬಿಟ್ಟೆ. ಹೇಗೆಂದು ತೋರಿಸಲು ಮಾವ ಹಳೆಯ ರೂಢಿಯಂತೆ ಕೈಯನ್ನು ಭುಜದೆತ್ತರಕ್ಕೆ ಚಾಚಿ, ಆಮೇಲೆ ಈಗಿನ ನಿಯಮ ನೆನಪಾಗಿ ಮೊಣಕಾಲಿಗೆ ಇಳಿಸಿದರು. ಪುಕ್ಕಟೆ ಸಿಗುವುದನ್ನು ಬಿಟ್ಟು ದಂಡ ಕಟ್ಟುವ ಬೆಳೆಗಾರರನ್ನು ತಾವು ಕಂಡಿಲ್ಲವೆಂದೂ ಹೇಳಿದರು. ಆ ಹೋಲ್‌ಗೆ ನನ್ನ ಲೆಕ್ಕ ಹನ್ನೊಂದು.

ಐದನೆಯದರ ಗ್ರೀನ್‌ನಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ನನಗೆ ಹೊಟ್ಟೆ ಉರಿಯಿತು ಎಂದೇ ಬರೆಯುತ್ತೇನೆ. ಹೂಮಳೆ ಕೈಕೊಟ್ಟ ವರ್ಷ ಕೆರೆಯ ತಳ ಕಾಣುವವರೆಗೆ ಪಂಪು ಹಾಕಿ ಹೂ ಅರಳಿಸುವವರು ನಾವು. ಇಲ್ಲಿ ಕುಳಿಯ ಸುತ್ತಲಿನ ಗರಿಕೆಗೆ ಬೇಸಿಗೆಯಿಡೀ ನೀರು. ಚಿಕ್ಕ ಮೈದಾನವಾದ್ದರಿಂದ ಗ್ರೀನ್‌ಗಳಿಗೆ ಬಿಟ್ಟರೆ ಉಳಿದ ನೆಲಕ್ಕೆ ನೀರು ಕೊಡುವುದಿಲ್ಲವೆಂದು ಕ್ಯಾಡಿ ಸಮಾಧಾನ ಹೇಳಿದ. ಫೇರ್‌ವೇ ನಿಜಕ್ಕೂ ಒಣಗಿ ಕಂದಾಗಿತ್ತು. ಅದರಿಂದ ಚೆಂಡು ಚೆನ್ನಾಗಿ ಉರುಳುತ್ತಿತ್ತು, ಅಷ್ಟು ಮಟ್ಟಿಗೆ ಬರಗಾಲ ನನ್ನ ಪರ.

ಆರನೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಎರಡನೆಯ ಹೊಡೆತ ಎಡಕ್ಕೆ ಹೋಗಿ ಒಂದು ಸಿಲ್ವರ್ ಓಕ್ ಮರದ ಬುಡಕ್ಕೆ ಒತ್ತಿಕೊಂಡು ನಿಂತಿತು. ಬಲಗೈ ಆಟಗಾರರು ಎಲ್ಲಿ ನಿಲ್ಲಬೇಕೋ ಸರಿಯಾಗಿ ಅಲ್ಲಿ ಮರ. ಗೆಳೆಯರ ಮಗ ಚೆಂಡನ್ನು ಪಕ್ಕಕ್ಕೆ ಚಿಮ್ಮಿಸುವ ಲೆಕ್ಕ ಹಾಕುತ್ತಿದ್ದ, ಮಾವ ಇನ್ನೊಂದು ದಂಡ ಎನ್ನುತ್ತಿದ್ದರು. ನನಗೆ ಅಲ್ಲಿ ಕಂಡದ್ದು ಬೇರೆ. ಹಾಕಿಯಲ್ಲಿ ಎಡಗೈಯವರ ಸ್ಟಿಕ್ ಎಂಬುದಿಲ್ಲ. ಸ್ಟಿಕ್ಕಿನ ಒಂದು ಮಗ್ಗುಲು ಮಾತ್ರ ಚಪ್ಪಟೆ. ಎಡಗಡೆಗೆ ಬಂದ ಚೆಂಡಿಗೆ ಸ್ಟಿಕ್ಕನ್ನು ಮಣಿಕಟ್ಟಿನಲ್ಲೇ ತಿರುಗಿಸಿ, ತುದಿ ಕೆಳಗೆ ಮಾಡಿ ಹೊಡೆಯಬೇಕು. ರಿವರ್ಸ್ ಸ್ಟಿಕ್ ಅನ್ನುತ್ತೇವೆ. ಹತ್ತನೆಯ ವಯಸ್ಸಿಗೆ ಕಲಿತದ್ದು, ನಿದ್ದೆಯಲ್ಲೂ ಬರುತ್ತದೆ. ಏಳನೆಯ ನಂಬರನ್ನು ತಲೆಕೆಳಗಾಗಿ ತಿರುಗಿಸಿ ಮರದ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತೆ. ‘ಹಾಗೆ ಹೊಡೆಯಬಹುದೇ?’ ಎಂದು ಹುಡುಗ ಕೇಳಿದ. ಮಾವ ಪುಸ್ತಕ ಮಗುಚಿದರು. ಚೆಂಡಿಗೆ ಕೋಲಿನ ತಲೆ ತಾಗಬೇಕು. ತಲೆಯ ಯಾವ ಮಗ್ಗುಲು ಎಂಬ ಕಟ್ಟುಪಾಡಿಲ್ಲ. ಹಾಕಿಯಲ್ಲಿ ಸ್ಟಿಕ್ಕಿನ ಗುಂಡು ಬೆನ್ನು ತಾಗಿದರೆ ಸೀಟಿ, ಇಲ್ಲಿ ಬೆನ್ನೂ ನಡೆಯುತ್ತದೆ.

ಯೋಚಿಸಲಿಲ್ಲ. ಆ ದಿನ ಯೋಚಿಸದೆ ಹೊಡೆದ ಹೊಡೆತ ಅದೊಂದೇ. ಚೆಂಡು ನೆಲದಿಂದ ಮೊಣಕಾಲೆತ್ತರದಲ್ಲಿ ಹೋಗಿ, ಗಟ್ಟಿ ನೆಲದಲ್ಲಿ ಪುಟಿದು, ಮರಳುಗುಳಿಯಾದ ಬಂಕರ್‌ನ ಪಕ್ಕದಿಂದಲೇ ಗ್ರೀನ್ ಹತ್ತಿತು. ನಾನು ಗೋಲು ಹೊಡೆದವಳಂತೆ ಕೂಗಿದೆ. ಪಕ್ಕದ ಹೋಲ್‌ನಲ್ಲಿ ಪಟ್ ಮಾಡಲು ಬಗ್ಗಿದ್ದ ಹಿರಿಯರೊಬ್ಬರು ನೆಟ್ಟಗೆ ನಿಂತು ನಮ್ಮ ಕಡೆ ನೋಡಿದರು. ಮಾವ ಟೋಪಿ ತೆಗೆದು ಅವರ ಕ್ಷಮೆ ಕೇಳಿದರು.

ಏಳನೆಯದರಲ್ಲಿ ಆನೆ ಹೆಜ್ಜೆಗಳಿದ್ದವು. ಹಿಂದಿನ ರಾತ್ರಿ ನೀರಿಗೆ ಬಂದ ಎರಡೋ ಮೂರೋ ಆನೆಗಳು ಹೊಂಡದ ಅಂಚಿನ ಮೆತ್ತನೆಯ ನೆಲದಲ್ಲಿ ಅಡ್ಡಾಡಿದ್ದವು. ಹುಡುಗನ ಚೆಂಡು ಒಂದು ಹೆಜ್ಜೆಗುಳಿಯಲ್ಲೇ ಕುಳಿತಿತ್ತು. ಪ್ರಾಣಿ ತೋಡಿದ ಬಿಲಕ್ಕೆ ಬಿದ್ದರೆ ದಂಡವಿಲ್ಲದೆ ತೆಗೆಯಬಹುದು. ಆದರೆ ಹೆಜ್ಜೆ ಗುರುತು ಬಿಲವಲ್ಲ. ಆನೆಯದಾದರೂ ಅಲ್ಲ. ಅದೃಷ್ಟಕ್ಕೆ ಮೈದಾನದವರು ಬೆಳಗ್ಗೆಯೇ ಆ ಜಾಗದ ಸುತ್ತ ಸುಣ್ಣದ ಗೆರೆ ಎಳೆದು ದುರಸ್ತಿಯಲ್ಲಿರುವ ನೆಲವೆಂದು ಗುರುತಿಸಿದ್ದರು, ಹುಡುಗ ಪಾರಾದ. ಅಪಾಯದ ಪ್ರಾಣಿಗಳ ಉದಾಹರಣೆಯಲ್ಲಿ ಮೊಸಳೆಯಿದ್ದೂ ಆನೆ ಇಲ್ಲದಿರುವುದರ ಬಗ್ಗೆ ಕ್ಯಾಡಿ ತನ್ನ ಅಭಿಪ್ರಾಯ ಹೇಳಿದ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಎಂಟು, ಒಂಬತ್ತು ಬಿಸಿಲಿನಲ್ಲಿ ಮುಗಿದವು. ಪಾರ್ 35, ನನ್ನದು 68, ದಂಡಗಳೆಲ್ಲ ಸೇರಿ. ಕಾರ್ಡಿಗೆ ಸಹಿ ಹಾಕುವ ಮುಂಚೆ ಮಾವ ಎರಡನೆಯ ಹೋಲ್‌ನ ಪುಶ್ಶನ್ನು ಮತ್ತೆ ಕೂಡಿಸಿ ನೋಡಿ, ಸರಿಯಾಗಿದೆ ಎಂದರು. ಆಮೇಲೆ ಊಟಕ್ಕೆ ಹೋಗೋಣವೆಂದು ಎದ್ದವರು ಕ್ಯಾಂಟೀನಿನ ಕಡೆ ತಿರುಗದೆ ಅಭ್ಯಾಸದ ಜಾಗಕ್ಕೆ ನಡೆದರು. ಅಲ್ಲಿದ್ದ ಮರವೊಂದರ ಬುಡಕ್ಕೆ ಚೆಂಡುಗಳನ್ನು ಸುರಿದು, ಆ ತಿರುಗುಹೊಡೆತವನ್ನು ಇನ್ನೊಮ್ಮೆ ತೋರಿಸೆಂದರು. ತೋರಿಸಿದೆ. ಅವರು ಹೊಡೆದದ್ದು ಬೇರಿಗೆ ತಾಗಿತು, ಆಮೇಲಿನದು ಗಾಳಿಗೆ. ‘ಮಣಿಕಟ್ಟು ಸಡಿಲ ಬಿಡಿ, ಯೋಚಿಸಬೇಡಿ’ ಎಂದೆ. ಕರ್ನಲ್ ಸಾಹೇಬರು ಕಾಲು ಜೋಡಿಸಿ, ಉಸಿರು ಹಿಡಿದು, ಬಹಳ ಹೊತ್ತು ಯೋಚಿಸಿ ಹೊಡೆದರು. ಕ್ಯಾಡಿ ಚೆಂಡಿನ ದಾರಿ ನೋಡುವ ಗೋಜಿಗೇ ಹೋಗದೆ ಚೀಲ ಕಟ್ಟತೊಡಗಿದ.